ಕೋಶಪೊರೆಯ ಗ್ರಾಹಿಗಳು: ಸಂಕೇತದ ಬಗೆ, ಔಷಧದ ಗುರಿ

ಜೀವಕೋಶದ ಹೊರಪೊರೆಯಲ್ಲಿ ನಾಟಿಕೊಂಡಿದ್ದು, ಹೊರಗಿನಿಂದ ಬಂದ ರಾಸಾಯನಿಕ ಸುದ್ದಿಯನ್ನು ಹಿಡಿದು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳಿಗೆ ಕೋಶಪೊರೆಯ ಗ್ರಾಹಿಗಳು ಎಂದು ಹೆಸರು. ವೈದ್ಯರ ಬಾಯಲ್ಲಿ ಇವು ರಿಸೆಪ್ಟರುಗಳು. ಪೊರೆ ಕೊಬ್ಬಿನ ಎರಡು ಪದರಗಳಿಂದಾದದ್ದು. ನೀರಿನಲ್ಲಿ ಕರಗುವ ಇನ್ಸುಲಿನ್, ಅಡ್ರಿನಲಿನ್, ಅಸಿಟೈಲ್‌ಕೋಲಿನ್ ಮುಂತಾದವು ಅದನ್ನು ಸುಲಭವಾಗಿ ದಾಟಲಾರವು. ಅವು ಹೊರಗೇ ನಿಂತು ಗ್ರಾಹಿಗೆ ಅಂಟಿಕೊಳ್ಳುತ್ತವೆ. ಗ್ರಾಹಿಯ ಆಕಾರ ತುಸು ಬದಲಾಗುತ್ತದೆ. ಆ ಬದಲಾವಣೆಯಿಂದ ಪೊರೆಯ ಒಳಮಗ್ಗುಲಲ್ಲಿ ಕೆಲಸ ಶುರುವಾಗುತ್ತದೆ. ಸುದ್ದಿ ತಂದ ಕಣ ಒಳಗೆ ಕಾಲಿಡುವುದಿಲ್ಲ, ಸುದ್ದಿ ಮಾತ್ರ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ಸ್ಟೆರಾಯ್ಡ್ ಹಾರ್ಮೋನುಗಳ ದಾರಿ ಬೇರೆ: ಅವು ಪೊರೆ ದಾಟಿ ಕೋಶದೊಳಗಿನ ಗ್ರಾಹಿಗಳನ್ನೇ ಸೇರುತ್ತವೆ. ಆ ಗ್ರಾಹಿಗಳು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಔಷಧ ಎಂದರೆ ದೇಹಕ್ಕೆ ಹೊಸ ಶಕ್ತಿಯನ್ನು ತುಂಬುವ ವಸ್ತು ಎಂಬ ಭಾವನೆ ಜನರಲ್ಲಿದೆ. ಗ್ರಾಹಿಗಳ ಮೇಲೆ ವರ್ತಿಸುವ ಔಷಧಗಳ ಮಟ್ಟಿಗೆ ಅದು ತಪ್ಪು. ಅವು ಕೋಶಕ್ಕೆ ಗೊತ್ತಿಲ್ಲದ ಯಾವ ಕೆಲಸವನ್ನೂ ಮಾಡಿಸಲಾರವು. ಕೋಶಕ್ಕೆ ಮೊದಲೇ ಬರುತ್ತಿದ್ದ ಕೆಲಸವನ್ನು ಹೆಚ್ಚಿಸುತ್ತವೆ, ಇಲ್ಲವೇ ತಡೆಯುತ್ತವೆ. ಗ್ರಾಹಿಗಳನ್ನು ಹಿಡಿಯುವ ವಿಷಗಳು ಮಾಡುವುದೂ ಇಷ್ಟನ್ನೇ. ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಮೇಲಿನ ಕಿರಿಮಂಜೇಶ್ವರದಂಥ ಊರಿನ ತೋಟ, ಗದ್ದೆ, ಹಾಡಿಗಳಲ್ಲಿ ಸುತ್ತಿದರೆ ಇದಕ್ಕೆ ಸಾಕ್ಷಿ ಬೇಕಾದಷ್ಟು ಸಿಗುತ್ತದೆ. ಅಡಿಕೆ, ಉಮ್ಮತ್ತ, ಕಾಕಮಾರಿ, ನಾಗರಹಾವು, ಗೇರುಮರಕ್ಕೆ ಹೊಡೆದ ಕೀಟನಾಶಕ, ಪ್ರತಿಯೊಂದೂ ಒಂದೊಂದು ಗ್ರಾಹಿಯ ವಿಳಾಸ ಬಲ್ಲದು.

ಅಡಿಕೆ ಮತ್ತು ಮಸ್ಕರಿನಿಕ್ ಗ್ರಾಹಿ

ಎಲೆ ಅಡಿಕೆ ಹಾಕಿದ ಎರಡು ಮೂರು ನಿಮಿಷಕ್ಕೆ ಬಾಯಲ್ಲಿ ನೀರು ತುಂಬುತ್ತದೆ, ಮೈ ಬಿಸಿಯಾಗುತ್ತದೆ, ಮನಸ್ಸು ಸ್ವಲ್ಪ ಚುರುಕಾಗುತ್ತದೆ. ಅಭ್ಯಾಸವಿಲ್ಲದವರು ಹಸಿ ಅಡಿಕೆ ಜಗಿದರೆ ಸೊಕ್ಕುತ್ತದೆ: ಹಣೆಯ ಮೇಲೆ ಬೆವರು, ಎದೆಯಲ್ಲಿ ಬಿಗಿತ, ತಲೆಸುತ್ತು, ಓಕರಿಕೆ. ಅರೆಕೋಲಿನ್ ಎಂಬ ಒಂದೇ ಕ್ಷಾರಾಭ ಈ ಲಕ್ಷಣಗಳಲ್ಲಿ ಹೆಚ್ಚಿನವಕ್ಕೆ ಕಾರಣ. ನರಗಳ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಯಾವ ಗ್ರಾಹಿಗೆ ಅಂಟಬೇಕೋ ಅದೇ ಗ್ರಾಹಿಗೆ ಅರೆಕೋಲಿನ್ ಅಂಟಿಕೊಳ್ಳುತ್ತದೆ. ಜೊಲ್ಲುಗ್ರಂಥಿಯಲ್ಲಿರುವುದು ಮುಖ್ಯವಾಗಿ ಎಂ3 ಬಗೆಯ ಮಸ್ಕರಿನಿಕ್ ಗ್ರಾಹಿ. ಅದು ಎಚ್ಚೆತ್ತಾಗ ಪೊರೆಯ ಒಳಗೆ ಜಿಕ್ಯೂ ಎಂಬ ಪ್ರೋಟೀನು ಚುರುಕಾಗುತ್ತದೆ. ಜಿಕ್ಯೂ ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಕಿಣ್ವ ಪೊರೆಯ ಕೊಬ್ಬನ್ನು ಕತ್ತರಿಸಿ ಐಪಿ3 ಎಂಬ ಚಿಕ್ಕ ಕಣವನ್ನು ಬಿಡುತ್ತದೆ, ಐಪಿ3 ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಏರಿದೊಡನೆ ಕ್ಲೋರೈಡ್ ಹೊರಕ್ಕೆ ಹರಿಯುತ್ತದೆ, ಅದರ ಬೆನ್ನಿಗೆ ಸೋಡಿಯಂ ಮತ್ತು ನೀರು. ಉಗುಳಬೇಕೆನಿಸುವ ಹೊತ್ತಿಗೆ ಇಷ್ಟೂ ಆಗಿಹೋಗಿರುತ್ತದೆ.

ಎಲೆಗೆ ಸುಣ್ಣ ಸವರುವುದು ರುಚಿಗಷ್ಟೇ ಅಲ್ಲ. ಸುಣ್ಣದ ಕ್ಷಾರ ಅರೆಕೋಲಿನ್ನನ್ನು ಪೊರೆ ದಾಟಬಲ್ಲ ರೂಪಕ್ಕೆ ತರುತ್ತದೆ, ಹಾಗಾಗಿ ಕೆನ್ನೆಯ ಒಳಚರ್ಮದಿಂದಲೇ ಅದು ರಕ್ತ ಸೇರುತ್ತದೆ. ಅರೆಕೋಲಿನ್ನಿನ ಒಂದು ಪಾಲನ್ನು ಸುಣ್ಣ ಅರೆಕೈಡಿನ್ ಆಗಿಯೂ ಒಡೆಯುತ್ತದೆ. ಔಷಧಶಾಸ್ತ್ರ ಹುಟ್ಟುವ ಎಷ್ಟೋ ಮೊದಲು ಕಂಡುಕೊಂಡ ಈ ಉಪಾಯವನ್ನು ಮೆಚ್ಚಲೇಬೇಕು.

ಹಿತ್ತಿಲಲ್ಲಿ ಬೆಳೆಯುವ ಉಮ್ಮತ್ತದ ಕೆಲಸ ಇದಕ್ಕೆ ಪೂರಾ ವಿರುದ್ಧ. ಅದರಲ್ಲಿರುವ ಹಯೋಸಯಮಿನ್, ಅಟ್ರೋಪಿನ್, ಸ್ಕೋಪಲಮಿನ್ ಅದೇ ಮಸ್ಕರಿನಿಕ್ ಗ್ರಾಹಿಗೆ ಅಂಟುತ್ತವೆ, ಆದರೆ ಎಬ್ಬಿಸುವುದಿಲ್ಲ. ಜಾಗ ಹಿಡಿದು ಕೂರುತ್ತವೆ. ಬಾಯಿ ಒಣಗುತ್ತದೆ, ಬೆವರು ನಿಲ್ಲುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆ ಡವಗುಟ್ಟುತ್ತದೆ, ಕೊನೆಗೆ ಭ್ರಮೆ. ಗ್ರಾಹಿಯನ್ನು ಎಬ್ಬಿಸುವ ವಸ್ತು ಪ್ರಚೋದಕ, ಎಬ್ಬಿಸದೆ ಜಾಗ ಹಿಡಿಯುವುದು ತಡೆಕ. ಶಾಲೆಯ ಪುಸ್ತಕಗಳು ಇದನ್ನು ಬೀಗ ಮತ್ತು ಕೀಲಿಕೈಗೆ ಹೋಲಿಸುತ್ತವೆ. ಆ ಹೋಲಿಕೆ ಅರ್ಧ ದೂರ ಮಾತ್ರ ಬರುತ್ತದೆ. ಅರ್ಧಂಬರ್ಧ ಎಬ್ಬಿಸುವ ಭಾಗಶಃ ಪ್ರಚೋದಕಗಳಿವೆ. ಸುದ್ದಿ ಬಾರದಿದ್ದರೂ ತನ್ನಷ್ಟಕ್ಕೆ ಸಣ್ಣಗೆ ಮಿಡಿಯುವ ಗ್ರಾಹಿಗಳಿವೆ. ಆ ಮಿಡಿತವನ್ನೂ ಅಡಗಿಸುವ ವಸ್ತುಗಳಿವೆ. ಬೀಗಕ್ಕೆ ಇಂಥ ಮಧ್ಯದ ಸ್ಥಿತಿಗಳಿಲ್ಲ.

ಗ್ರಾಹಿ ಎಂಬ ಕಲ್ಪನೆ ಹುಟ್ಟಿದ್ದು ಜೊಲ್ಲಿನಿಂದಲೇ. ಕೇಂಬ್ರಿಜಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1878ರಲ್ಲಿ ಬೆಕ್ಕಿನ ಜೊಲ್ಲುಗ್ರಂಥಿಯ ಮೇಲೆ ಪೈಲೋಕಾರ್ಪಿನ್ ಮತ್ತು ಅಟ್ರೋಪಿನ್ ಪ್ರಯೋಗಿಸಿದರು. ಒಂದು ಜೊಲ್ಲು ಹರಿಸುತ್ತಿತ್ತು, ಇನ್ನೊಂದು ನಿಲ್ಲಿಸುತ್ತಿತ್ತು. ಯಾವುದು ಗೆಲ್ಲುವುದೆಂಬುದು ಎರಡರ ಪ್ರಮಾಣದ ಮೇಲೆ ನಿಂತಿತ್ತು. ಎರಡೂ ಒಂದೇ ಯಾವುದೋ ವಸ್ತುವಿಗಾಗಿ ಪೈಪೋಟಿ ನಡೆಸುತ್ತಿರಬೇಕು ಎಂದು ಅವರಿಗೆ ಹೊಳೆಯಿತು. 1905ರಲ್ಲಿ ಸ್ನಾಯುವಿನ ಮೇಲೆ ನಿಕೋಟಿನ್ ಮತ್ತು ಕ್ಯುರಾರೆ ಪ್ರಯೋಗಿಸಿ, ಕೋಶದಲ್ಲಿ ಸುದ್ದಿ ಸ್ವೀಕರಿಸುವ ಪದಾರ್ಥವೊಂದಿದೆ ಎಂದು ಬರೆದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ರಿಸೆಪ್ಟರ್ ಎಂಬ ಹೆಸರನ್ನು ಬಳಕೆಗೆ ತಂದರು. ಆದರೂ ಗ್ರಾಹಿಯನ್ನು ಕಣ್ಣಾರೆ ಕಂಡವರಿಲ್ಲದ್ದರಿಂದ ಅನೇಕ ದಶಕಗಳವರೆಗೆ ಅದನ್ನು ಒಂದು ಅನುಕೂಲದ ಊಹೆ ಎಂದೇ ಎಣಿಸಲಾಗಿತ್ತು.

ಈಗ ಅರೆಕೋಲಿನ್ನಿನ ಇನ್ನೊಂದು ಮುಖ. ಮಸ್ಕರಿನಿಕ್ ಗ್ರಾಹಿಗಳು ಐದು ಬಗೆ; ಎಂ1 ಮತ್ತು ಎಂ4 ಮಿದುಳಿನಲ್ಲಿ ಹೆಚ್ಚು. ಅರೆಕೋಲಿನ್ ಐದನ್ನೂ ತಟ್ಟುತ್ತದೆ, ಬೇಗ ಒಡೆದೂ ಹೋಗುತ್ತದೆ; ಹಾಗಾಗಿ ಅದೇ ಮಾತ್ರೆಯಾಗಲು ಲಾಯಕ್ಕಿಲ್ಲ. ನಾಯಿಗಳ ಲಾಡಿಹುಳು ಕೆಡವಲು ಪಶುವೈದ್ಯರು ಅದನ್ನು ಬಳಸುತ್ತಿದ್ದರು, ಅಷ್ಟೇ. ಅದರ ಅಣುವಿನ ಒಂದು ಭಾಗವನ್ನು ಬದಲಿಸಿ ಎಲಿ ಲಿಲ್ಲಿ ಮತ್ತು ನೊವೊ ನಾರ್ಡಿಸ್ಕ್ ಕಂಪನಿಗಳ ರಸಾಯನತಜ್ಞರು ಜನೋಮೆಲಿನ್ ತಯಾರಿಸಿದರು. ಇದಕ್ಕೆ ಎಂ1, ಎಂ4ಗಳ ಕಡೆ ಒಲವು. 1990ರ ದಶಕದಲ್ಲಿ ಆಲ್‌ಝೈಮರ್ ರೋಗಿಗಳಿಗೆ ಕೊಟ್ಟಾಗ ಭ್ರಮೆ, ಉದ್ರೇಕ ಕಡಿಮೆಯಾದವು, ಆದರೆ ವಾಂತಿ, ಬೆವರು ತಡೆಯಲಾರದೆ ಹಲವರು ಮಾತ್ರೆ ಬಿಟ್ಟರು. ಹಸಿ ಅಡಿಕೆ ಸೊಕ್ಕಿದವರ ಅವಸ್ಥೆಯೇ ಅವರದೂ. ಆಮೇಲೆ ಹೊಳೆದ ಪರಿಹಾರ ಸರಳವಾದದ್ದು: ಜನೋಮೆಲಿನ್ ಜೊತೆಗೆ ಟ್ರೋಸ್ಪಿಯಂ ಎಂಬ ತಡೆಕವನ್ನು ಸೇರಿಸುವುದು. ಟ್ರೋಸ್ಪಿಯಂ ಮಿದುಳಿಗೆ ಹೊಗಲಾರದು, ಆದ್ದರಿಂದ ಹೊಟ್ಟೆ, ಬೆವರು, ಜೊಲ್ಲಿನ ಗ್ರಾಹಿಗಳನ್ನು ಮಾತ್ರ ಮುಚ್ಚಿ ಮಿದುಳಿನವನ್ನು ಜನೋಮೆಲಿನ್‌ಗೆ ಬಿಟ್ಟುಕೊಡುತ್ತದೆ. ಕೋಬೆನ್‌ಫಿ ಎಂಬ ಹೆಸರಿನ ಈ ಜೋಡಿಗೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಸ್ಕಿಜೋಫ್ರೇನಿಯಾ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. 1950ರ ದಶಕದಿಂದ ಬಂದ ಆ ರೋಗದ ಮಾತ್ರೆಗಳೆಲ್ಲ ಡೋಪಮಿನ್ ಗ್ರಾಹಿಯನ್ನೇ ಹಿಡಿದಿದ್ದವು. ಬೇರೆ ದಾರಿ ಹಿಡಿದ ಮೊದಲನೆಯದು ಇದು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಈ ಸುದ್ದಿ ಹೆಚ್ಚು ಚರ್ಚೆಯಾಗಬೇಕಿತ್ತು. ಅಡಿಕೆ ಜಗಿದರೆ ಮನೋರೋಗ ವಾಸಿಯಾಗುತ್ತದೆ ಎಂದು ಇದರಿಂದ ತಿಳಿಯುವುದು ಮಾತ್ರ ಅಪಾಯ. ಅಡಿಕೆಯ ಇನ್ನೊಂದು ಕೊನೆ ಬಾಯಿಯ ಕ್ಯಾನ್ಸರು, ಅದರ ವಿಚಾರ ಮುಂದೆ ಬರುತ್ತದೆ.

ಜಿ-ಪ್ರೋಟೀನ್ ಬಳಗ

ಮಸ್ಕರಿನಿಕ್ ಗ್ರಾಹಿಗಳು ಸೇರಿರುವುದು ಅತಿ ದೊಡ್ಡ ಬಳಗಕ್ಕೆ. ಇದರ ಸದಸ್ಯರೆಲ್ಲ ಪೊರೆಯನ್ನು ಏಳು ಸಲ ಒಳಹೊರಗೆ ದಾಟಿ ಹೆಣೆದುಕೊಂಡ ಒಂದೇ ಎಳೆಯ ಪ್ರೋಟೀನುಗಳು. ಮನುಷ್ಯನಲ್ಲಿ ಇವುಗಳ ಜೀನುಗಳು ಸುಮಾರು 800. ಅದರಲ್ಲಿ ಅರ್ಧದಷ್ಟು ಮೂಗಿನ ವಾಸನೆಯ ಗ್ರಾಹಿಗಳು. ಹೆಮ್ಮಾಡಿಯ ಸೇವಂತಿಗೆಯನ್ನು ಉಳಿದ ಸೇವಂತಿಗೆಯಿಂದ ಬೇರೆ ಮಾಡಿ ಹೇಳುವುದು ಈ ಗ್ರಾಹಿಗಳ ಹಲವು ಜೋಡಣೆಗಳಿಂದಲೇ. ಇವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಔಷಧದ ಲೆಕ್ಕದಲ್ಲೂ ಈ ಬಳಗವೇ ಮುಂದು: 2017ರ ಒಂದು ಎಣಿಕೆಯ ಪ್ರಕಾರ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧಗಳಲ್ಲಿ 475, ಅಂದರೆ ಸುಮಾರು ಮೂರನೇ ಒಂದು ಪಾಲು, ಈ ಗ್ರಾಹಿಗಳ ಮೇಲೆ ಕೆಲಸ ಮಾಡುತ್ತವೆ.

ಕರಾವಳಿಯ ಮಳೆಗಾಲದಲ್ಲಿ ಉಬ್ಬಸ ಏರಿದಾಗ ಎಳೆಯುವ ಸಾಲ್‌ಬ್ಯುಟಮಾಲ್ ಪಂಪನ್ನೇ ತೆಗೆದುಕೊಳ್ಳೋಣ. ಶ್ವಾಸನಾಳದ ಸುತ್ತ ಇರುವ ಸ್ನಾಯುಗಳಲ್ಲಿ ಬೀಟಾ-2 ಗ್ರಾಹಿಗಳಿವೆ. ಅಡ್ರಿನಲಿನ್‌ಗೆ ಮೀಸಲಾದ ಆ ಜಾಗಕ್ಕೆ ಸಾಲ್‌ಬ್ಯುಟಮಾಲ್ ಹೋಗಿ ಕೂರುತ್ತದೆ. ಒಳಗಿರುವ ಜಿಎಸ್ ಪ್ರೋಟೀನು ತಾನು ಹಿಡಿದಿದ್ದ ಜಿಡಿಪಿಯನ್ನು ಬಿಟ್ಟು ಜಿಟಿಪಿ ಹಿಡಿಯುತ್ತದೆ, ಗ್ರಾಹಿಯಿಂದ ಕಳಚಿಕೊಂಡು ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಮುಟ್ಟುತ್ತದೆ. ಕಿಣ್ವ ಒಂದಾದ ಮೇಲೊಂದು ಸೈಕ್ಲಿಕ್ ಎಎಂಪಿ ಕಣಗಳನ್ನು ಉದುರಿಸುತ್ತದೆ. ಹೊರಗೆ ಅಂಟಿದ್ದು ಒಂದೇ ಕಣವಾದರೂ ಒಳಗೆ ಸುದ್ದಿ ನೂರಾರು ಪಟ್ಟು ಹಿಗ್ಗುತ್ತದೆ. ಸ್ನಾಯು ಸಡಿಲವಾಗುತ್ತದೆ, ಉಸಿರು ಬಿಡುಬೀಸಾಗುತ್ತದೆ. ಪೊರೆಯ ಒಳಗೆ ಓಡಾಡುವ ಈ ಎರಡನೆಯ ದೂತನನ್ನು ಗುರುತಿಸಿದ್ದಕ್ಕೆ ಅರ್ಲ್ ಸದರ್‌ಲೆಂಡ್‌ಗೆ 1971ರಲ್ಲಿ, ನಡುವಿನ ಜಿ-ಪ್ರೋಟೀನನ್ನು ಗುರುತಿಸಿದ್ದಕ್ಕೆ ಗಿಲ್ಮನ್ ಮತ್ತು ರಾಡ್‌ಬೆಲ್‌ಗೆ 1994ರಲ್ಲಿ, ಬೀಟಾ-2 ಗ್ರಾಹಿಯನ್ನೇ ಹಿಡಿದು ಅದರ ರಚನೆ ಬಿಡಿಸಿದ ಲೆಫ್ಕೋವಿಟ್ಜ್ ಮತ್ತು ಕೋಬಿಲ್ಕಾಗೆ 2012ರಲ್ಲಿ ನೊಬೆಲ್ ಸಂದಿತು.

ಪಂಪು ಹಿಡಿದರೆ ಬಿಡಲಾಗದ ಚಟವಾಗುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಈಗಲೂ ಇದೆ. ಅದು ಚಟವಲ್ಲ. ಆದರೆ ಆ ಮಾತಿನ ಹಿಂದೆ ಒಂದು ನಿಜವಿದೆ. ಗ್ರಾಹಿಯನ್ನು ಮತ್ತೆ ಮತ್ತೆ ತಟ್ಟಿದರೆ ಕೋಶವೇ ಅದಕ್ಕೆ ಫಾಸ್ಫೇಟ್ ಗುರುತು ಹಾಕುತ್ತದೆ, ಅರೆಸ್ಟಿನ್ ಎಂಬ ಪ್ರೋಟೀನು ಬಂದು ಜಿ-ಪ್ರೋಟೀನಿನ ಜಾಗ ಮುಚ್ಚುತ್ತದೆ, ಗ್ರಾಹಿ ಪೊರೆಯಿಂದ ಒಳಕ್ಕೆ ಸರಿಯುತ್ತದೆ. ಪಂಪನ್ನೇ ನೆಚ್ಚಿಕೊಂಡವರಿಗೆ ಬರಬರುತ್ತ ಅದು ಕಡಿಮೆ ಹಿಡಿಯುವುದಕ್ಕೆ ಇದೊಂದು ಕಾರಣ. ಉಸಿರಿನಲ್ಲಿ ಎಳೆಯುವ ಸ್ಟೆರಾಯ್ಡ್ ಉರಿಯೂತವನ್ನು ಇಳಿಸುವುದರ ಜೊತೆಗೆ ಬೀಟಾ-2 ಗ್ರಾಹಿಗಳ ಉತ್ಪಾದನೆಯನ್ನೂ ಹೆಚ್ಚಿಸುತ್ತದೆ. ಬರೀ ಸಾಲ್‌ಬ್ಯುಟಮಾಲ್ ಮೇಲೆ ನಿಲ್ಲಬೇಡಿ ಎಂದು ಜಾಗತಿಕ ಉಬ್ಬಸ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಇನ್ನೊಂದು ಎಚ್ಚರಿಕೆ: ಬಿಪಿಗೂ ಕೈನಡುಕಕ್ಕೂ ಕೊಡುವ ಪ್ರೊಪ್ರನಲಾಲ್ ಬೀಟಾ ಗ್ರಾಹಿಗಳ ತಡೆಕ. ಹೃದಯದ ಬೀಟಾ-1 ಜೊತೆಗೆ ಶ್ವಾಸನಾಳದ ಬೀಟಾ-2 ಕೂಡ ಮುಚ್ಚುವುದರಿಂದ ಉಬ್ಬಸದವರಿಗೆ ಅದು ಆಪತ್ತು ತರಬಲ್ಲದು. ಒಂದೇ ಗ್ರಾಹಿ ಹಲವು ಅಂಗಗಳಲ್ಲಿ, ಒಂದೇ ಅಂಗದಲ್ಲಿ ಹಲವು ಗ್ರಾಹಿಗಳು ಇರುವುದೇ ಅಡ್ಡಪರಿಣಾಮಗಳ ಮೂಲ.

ನಾಲೆಯಾಗಿರುವ ಗ್ರಾಹಿಗಳು

ಕೆಲವು ಗ್ರಾಹಿಗಳಿಗೆ ನಡುವಿನ ದೂತರ ಹಂಗಿಲ್ಲ. ಸುದ್ದಿ ಅಂಟಿದೊಡನೆ ಅವೇ ನಾಲೆಯಾಗಿ ತೆರೆದು ಅಯಾನುಗಳನ್ನು ಬಿಡುತ್ತವೆ. ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲಿನಲ್ಲೇ ಕೆಲಸ ಮುಗಿಯುತ್ತದೆ. ಸ್ನಾಯುವಿನ ಮೇಲಿನ ನಿಕೋಟಿನಿಕ್ ಗ್ರಾಹಿ ಇಂಥದ್ದು. ಐದು ತುಂಡುಗಳು ವೃತ್ತವಾಗಿ ಸೇರಿ ನಡುವೆ ರಂಧ್ರ ಮಾಡಿಕೊಂಡಿವೆ. ಎರಡು ಅಸಿಟೈಲ್‌ಕೋಲಿನ್ ಕಣಗಳು ಅಂಟಿದರೆ ಸೋಡಿಯಂ ಒಳನುಗ್ಗಿ ಸ್ನಾಯು ಸಂಕುಚಿಸುತ್ತದೆ.

ನಾಗರಹಾವಿನ ವಿಷದಲ್ಲಿರುವ ಆಲ್ಫಾ ವಿಷಕಣಗಳು ಈ ಗ್ರಾಹಿಯ ಮೇಲೆಯೇ ಬಂದು ಕೂರುತ್ತವೆ. ಕಚ್ಚಿಸಿಕೊಂಡವರಲ್ಲಿ ಮೊದಲು ಜೋಲುವುದು ಕಣ್ಣಿನ ರೆಪ್ಪೆ, ಆಮೇಲೆ ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಿನ ಸ್ನಾಯು ಸೋಲುತ್ತದೆ. ಆಸ್ಪತ್ರೆಯಲ್ಲಿ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಚುಚ್ಚುತ್ತಾರೆ. ಅದು ಅಸಿಟೈಲ್‌ಕೋಲಿನ್ ಒಡೆಯುವುದನ್ನು ತಡೆಯುತ್ತದೆ. ಹೆಚ್ಚಾದ ಅಸಿಟೈಲ್‌ಕೋಲಿನ್ ವಿಷದೊಡನೆ ಜಾಗಕ್ಕಾಗಿ ಪೈಪೋಟಿ ನಡೆಸುತ್ತದೆ. ಆದರೆ ಅದೇ ಅಸಿಟೈಲ್‌ಕೋಲಿನ್ ಮಸ್ಕರಿನಿಕ್ ಗ್ರಾಹಿಗಳನ್ನೂ ತಟ್ಟಿ ಜೊಲ್ಲು, ಕಫ ಉಕ್ಕಿಸಿ ಹೃದಯವನ್ನು ನಿಧಾನಿಸಬಾರದಲ್ಲ? ಅದಕ್ಕಾಗಿ ಅಟ್ರೋಪಿನ್ ಕೊಡುತ್ತಾರೆ. ಒಂದೇ ನರವಾಹಕಕ್ಕೆ ಎರಡು ಗ್ರಾಹಿವರ್ಗಗಳಿವೆ ಎಂಬ ಪಾಠ ರೋಗಿಯ ಹಾಸಿಗೆಯ ಬದಿಯಲ್ಲೇ ನಡೆದುಹೋಗುತ್ತದೆ. ಕಟ್ಟುಹಾವಿನ ಮುಂದೆ ಈ ಉಪಾಯ ಹೆಚ್ಚು ನಡೆಯುವುದಿಲ್ಲ. ಅದರ ವಿಷದ ಮುಖ್ಯ ಭಾಗ ಗ್ರಾಹಿಯನ್ನು ಬಿಟ್ಟು ಅಸಿಟೈಲ್‌ಕೋಲಿನ್ ಕಳಿಸುವ ನರತುದಿಯನ್ನೇ ಹಾಳುಮಾಡುತ್ತದೆ. ಕಳಿಸುವವನೇ ಇಲ್ಲದ ಮೇಲೆ ಉಳಿಸಿ ಪ್ರಯೋಜನವಿಲ್ಲ. ನರತುದಿ ಮತ್ತೆ ಬೆಳೆಯುವ ತನಕ ವೆಂಟಿಲೇಟರಿನ ಆಸರೆ ಬೇಕಾಗುತ್ತದೆ.

ತೈವಾನಿನ ಚಾಂಗ್ ಮತ್ತು ಲೀ 1963ರಲ್ಲಿ ಅಲ್ಲಿನ ಕಟ್ಟುಹಾವಿನ ವಿಷದಿಂದ ಆಲ್ಫಾ ಬಂಗಾರೊಟಾಕ್ಸಿನ್ ಬೇರ್ಪಡಿಸಿದರು. ನಿಕೋಟಿನಿಕ್ ಗ್ರಾಹಿಗೆ ಅಂಟಿದರೆ ಅದು ಸುಲಭಕ್ಕೆ ಬಿಡುವುದಿಲ್ಲ. ಆ ಅಂಟನ್ನೇ ಗಾಳವಾಗಿ ಮಾಡಿಕೊಂಡು 1970ರಲ್ಲಿ ಪ್ಯಾರಿಸಿನ ಶಾಂಝೂ ಮತ್ತು ಸಂಗಡಿಗರು ವಿದ್ಯುತ್ ಮೀನಿನ ಅಂಗಾಂಶದಿಂದ ಗ್ರಾಹಿಯನ್ನು ಹೊರಗೆಳೆದರು. ಲ್ಯಾಂಗ್ಲಿಯ ಊಹೆ ಹೀಗೆ ಪ್ರನಾಳದೊಳಗಿನ ವಸ್ತುವಾಯಿತು.

ಮಿದುಳನ್ನು ಶಾಂತಗೊಳಿಸುವ ಗಾಬಾ-ಎ ಗ್ರಾಹಿಯೂ ಐದು ತುಂಡುಗಳ ನಾಲೆಯೇ, ಆದರೆ ಅದು ಬಿಡುವುದು ಕ್ಲೋರೈಡನ್ನು. ಘಟ್ಟದ ಬುಡದ ಕಾಡಿನಲ್ಲಿ ಹಬ್ಬುವ ಕಾಕಮಾರಿ ಬಳ್ಳಿಯ ಬೀಜದಲ್ಲಿರುವ ಪಿಕ್ರೊಟಾಕ್ಸಿನ್ ಆ ನಾಲೆಗೆ ಬಿರಡೆ ಹಾಕುತ್ತದೆ. ಬೀಜ ಜಜ್ಜಿ ನಿಂತ ನೀರಿಗೆ ಹಾಕಿ ಮೀನು ಮೇಲೆ ತೇಲಿಸುವ ರೂಢಿ ಹಿಂದೆ ಇತ್ತು. ನೀರಿಗೆ ವಿಷ ಬೆರೆಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೂ ಅಪರಾಧ. ಕಾಕಮಾರಿ ಎಲ್ಲಿ ಕೂರುತ್ತದೋ ಅಲ್ಲೇ ಹೋಗಿ ಕೂರುವ ಇನ್ನೊಂದು ವಸ್ತು ಎಂಡೋಸಲ್ಫಾನ್ ಎಂಬ ಕೀಟನಾಶಕ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಇದನ್ನು ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣಿನಗರದ ಮನೆಗಳು ದಶಕಗಳ ಕಾಲ ಉಸಿರಾಡಿದವು. ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ರೋಗಗಳ ವಿಚಿತ್ರ ದಟ್ಟಣೆಯನ್ನು ಗಮನಿಸಿದರು, ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಕಥೆಯೂ ಇದೇ. ಉಡುಪಿ, ಉತ್ತರ ಕನ್ನಡಗಳಲ್ಲೂ ಸರ್ಕಾರ ಸಂತ್ರಸ್ತರನ್ನು ಗುರುತಿಸಿದೆ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಇದನ್ನು ದೇಶಾದ್ಯಂತ ನಿಷೇಧಿಸಿತು. ಎಂಡೋಸಲ್ಫಾನ್ ಹೊಟ್ಟೆಗೆ ಹೋದವರಿಗೆ ಬರುವ ಫಿಟ್ಸನ್ನು ಗಾಬಾ ಗ್ರಾಹಿಯ ಮುಚ್ಚುವಿಕೆ ಚೆನ್ನಾಗಿ ವಿವರಿಸುತ್ತದೆ. ವರ್ಷಾನುಗಟ್ಟಲೆ ಒಡ್ಡಿಕೊಂಡದ್ದರ ಎಲ್ಲ ಪರಿಣಾಮಗಳನ್ನೂ ಈ ಒಂದು ಗ್ರಾಹಿಯ ತಲೆಗೆ ಕಟ್ಟಲಾಗದು. ಆ ಫಿಟ್ಸಿಗೆ ಕೊಡುವ ಡಯಾಜೆಪಾಮ್ ಕೂಡ ಅದೇ ಗ್ರಾಹಿಯ ಮೇಲೆ ಕೆಲಸ ಮಾಡುತ್ತದೆ. ಬೇರೊಂದು ಜಾಗದಲ್ಲಿ ಅಂಟಿ ಗಾಬಾ ಎಂಬ ನರವಾಹಕದ ಪರಿಣಾಮವನ್ನು ಹೆಚ್ಚಿಸುತ್ತದೆ.

ಈಗ ಬಳಕೆಯಲ್ಲಿರುವ ಕೀಟನಾಶಕಗಳಲ್ಲಿ ಫಿಪ್ರೊನಿಲ್ ಕೀಟದ ಗಾಬಾ ಗ್ರಾಹಿಗೆ, ಇಮಿಡಾಕ್ಲೊಪ್ರಿಡ್ ಕೀಟದ ನಿಕೋಟಿನಿಕ್ ಗ್ರಾಹಿಗೆ ನಮ್ಮವುಗಳಿಗಿಂತ ಬಿಗಿಯಾಗಿ ಅಂಟುವಂತೆ ರೂಪುಗೊಂಡಿವೆ. ಈ ತಾರತಮ್ಯ ಪ್ರಮಾಣದ ಮಾತು. ಪ್ರಮಾಣ ಮೀರಿದರೆ ಅದೂ ಮೀರುತ್ತದೆ. ಕುಂದಾಪುರದ ಕೋಳಿ ಸುಕ್ಕದ ಖಾರವೂ ಒಂದು ನಾಲೆಯದೇ ಕೆಲಸ. ಮೆಣಸಿನ ಕ್ಯಾಪ್ಸೈಸಿನ್ ಟಿಆರ್‌ಪಿವಿ1 ಎಂಬ ನಾಲೆಯನ್ನು ತೆರೆಯುತ್ತದೆ. ಸುಡುವ ಶಾಖಕ್ಕೂ ಅದೇ ತೆರೆಯುವುದರಿಂದ ನಾಲಗೆಗೆ ಎರಡೂ ಉರಿಯಾಗಿಯೇ ತಿಳಿಯುತ್ತವೆ. ಡೇವಿಡ್ ಜೂಲಿಯಸ್ ಇದನ್ನು 1997ರಲ್ಲಿ ಗುರುತಿಸಿ 2021ರ ನೊಬೆಲ್ ಹಂಚಿಕೊಂಡರು.

ಕಿಣ್ವವೂ ಆಗಿರುವ ಗ್ರಾಹಿಗಳು

ಮೂರನೆಯ ಗುಂಪಿನ ಗ್ರಾಹಿಗಳ ಒಳತುದಿಯೇ ಕಿಣ್ವ. ಇನ್ಸುಲಿನ್ ಗ್ರಾಹಿ ಇದರಲ್ಲಿ ಪರಿಚಿತ. ಇನ್ಸುಲಿನ್ ಹೊರಗೆ ಅಂಟಿದರೆ ಒಳಗಿನ ಎರಡು ಬಾಲಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಂಡು ಸರಣಿಯೊಂದನ್ನು ಆರಂಭಿಸುತ್ತವೆ. ಅದರ ಕೊನೆಯಲ್ಲಿ ಗ್ಲೂಕೋಸ್ ಒಯ್ಯುವ ಪ್ರೋಟೀನು ಪೊರೆಯ ಮೇಲೆ ಬಂದು ನಿಲ್ಲುತ್ತದೆ. ನಡುವಯಸ್ಸಿನ ನಂತರ ಬರುವ ಸಕ್ಕರೆ ಕಾಯಿಲೆಯಲ್ಲಿ ಗ್ರಾಹಿ ಇರುತ್ತದೆ, ಇನ್ಸುಲಿನ್ನೂ ಇರುತ್ತದೆ. ಒಳಗಿನ ಸರಣಿ ಮಂಕಾಗಿರುತ್ತದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಚರ್ಮ, ಬಾಯಿ, ಗಂಟಲಿನ ಹೊದಿಕೆಯ ಕೋಶಗಳಿಗೆ ಬೆಳೆಯಲು ಹೇಳುವುದು ಇಜಿಎಫ್‌ಆರ್ ಎಂಬ ಗ್ರಾಹಿ. ಅಡಿಕೆ, ಅದರ ಜೊತೆ ತಂಬಾಕು, ವರ್ಷಗಟ್ಟಲೆ ಕೆನ್ನೆಯಲ್ಲಿ ಕೂತರೆ ಮೊದಲು ಒಳಚರ್ಮ ನಾರುಗಟ್ಟುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಸ್ಥಿತಿಯಲ್ಲಿ ಬಾಯಿ ಎರಡು ಬೆರಳಿನಷ್ಟೂ ತೆರೆಯದೆ ಹೋಗಬಹುದು. ಅಂಗಾಂಶವನ್ನು ನಾರಾಗಿಸುವ ಟಿಜಿಎಫ್-ಬೀಟಾ ಎಂಬ ಸಂಕೇತಕ್ಕೂ ಪೊರೆಯ ಮೇಲೆ ತನ್ನದೇ ಗ್ರಾಹಿ ಇದೆ. ಮುಂದೆ ಕೆಲವರಲ್ಲಿ ಕ್ಯಾನ್ಸರ್. ತಂಬಾಕಿಲ್ಲದ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಅಡಿಕೆ ಧಾರಣೆಯ ಮೇಲೆ ಬದುಕು ನಿಂತಿರುವ ಜಿಲ್ಲೆಗಳಲ್ಲಿ ಈ ಮಾತು ಹಿತವೆನಿಸದು. ಆದರೂ ಸಾಕ್ಷ್ಯ ಬಲವಾಗಿದೆ.

ತಲೆ ಮತ್ತು ಕುತ್ತಿಗೆಯ ಬಹುಪಾಲು ಕ್ಯಾನ್ಸರುಗಳಲ್ಲಿ ಇಜಿಎಫ್‌ಆರ್ ಮಿತಿಮೀರಿ ಇರುತ್ತದೆ. ಅದನ್ನು ಎರಡು ಕಡೆಯಿಂದ ತಡೆಯಬಹುದು. ಹೊರಗಿನಿಂದ ಪ್ರತಿಕಾಯ ಬಂದು ಮುಚ್ಚಬಹುದು, ಇಲ್ಲವೇ ಗೆಫಿಟಿನಿಬ್, ಎರ್ಲೊಟಿನಿಬ್‌ನಂಥ ಸಣ್ಣ ಅಣುಗಳು ಪೊರೆ ದಾಟಿ ಒಳತುದಿಯ ಕಿಣ್ವವನ್ನು ಹಿಡಿಯಬಹುದು. ಹವಾನಾದ ಅಣುಪ್ರತಿರಕ್ಷಾ ಕೇಂದ್ರದಲ್ಲಿ ರೂಪುಗೊಂಡ ನಿಮೊಟುಜುಮಾಬ್ ಎಂಬ ಪ್ರತಿಕಾಯವನ್ನು ಬಯೋಕಾನ್ 2006ರಲ್ಲಿ ಬಯೋಮಾಬ್ ಇಜಿಎಫ್‌ಆರ್ ಎಂಬ ಹೆಸರಿನಲ್ಲಿ ಭಾರತಕ್ಕೆ ತಂದಿತು. ಇದರ ಅಂಟು ಮಧ್ಯಮ ಬಿಗಿತದ್ದು. ಗ್ರಾಹಿಗಳು ಒತ್ತೊತ್ತಾಗಿರುವ ಗೆಡ್ಡೆಯ ಮೇಲೆ ಎರಡೂ ತೋಳಿನಿಂದ ಹಿಡಿದು ನಿಲ್ಲುತ್ತದೆ, ಗ್ರಾಹಿಗಳು ವಿರಳವಾಗಿರುವ ಚರ್ಮದಲ್ಲಿ ಒಂದೇ ತೋಳಿನ ಹಿಡಿತ ಸಾಲದೆ ಜಾರುತ್ತದೆ. ಈ ಜಾತಿಯ ಔಷಧಗಳಿಂದ ಮುಖ ಮೈಯೆಲ್ಲ ಏಳುವ ಗುಳ್ಳೆಗಳು ಇದರಲ್ಲಿ ಕಡಿಮೆ ಇರುವುದಕ್ಕೆ ಕೊಡುವ ವಿವರಣೆ ಇದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 536 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಜೊತೆ ಇದನ್ನು ಸೇರಿಸಿದಾಗ ರೋಗ ಮರಳುವುದು ತಡವಾಯಿತು. ಒಟ್ಟು ಆಯುಷ್ಯದ ಹೆಚ್ಚಳ ಮಾತ್ರ ಖಚಿತವಾಗಿ ಸಾಬೀತಾಗಲಿಲ್ಲ.

ಸ್ತನ ಕ್ಯಾನ್ಸರಿನ ಎಚ್‌ಇಆರ್2 ಇಜಿಎಫ್‌ಆರ್‌ನ ಒಡಹುಟ್ಟು. ಅದನ್ನು ಹಿಡಿಯುವ ಟ್ರಾಸ್ಟುಜುಮಾಬ್ 1998ರಲ್ಲಿ ಅಮೆರಿಕದಲ್ಲಿ ಬಂತು. ಬಯೋಕಾನ್ ಮತ್ತು ಮೈಲಾನ್ ಸೇರಿ ತಯಾರಿಸಿದ ಅದರ ಸಮರೂಪ ಭಾರತದಲ್ಲಿ 2014ರಿಂದ ಮಾರಾಟದಲ್ಲಿದೆ. 2017ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿದ ಮೊದಲ ಟ್ರಾಸ್ಟುಜುಮಾಬ್ ಸಮರೂಪವೂ ಅದೇ. ಗೆಡ್ಡೆಯ ತುಣುಕನ್ನು ಪರೀಕ್ಷಿಸಿ ಎಚ್‌ಇಆರ್2 ಹೆಚ್ಚಿದೆ ಎಂದು ಗೊತ್ತಾದ ಮೇಲೆಯೇ ಈ ಔಷಧ ಶುರುಮಾಡುವುದು.

ಇಂಥ ಪ್ರತಿಕಾಯಗಳು ದುಬಾರಿ. ಆ ಬೆಲೆಯ ಪ್ರಶ್ನೆಗೆ ಗ್ರಾಹಿಶಾಸ್ತ್ರವೇ ಒಂದು ಉತ್ತರ ಕೊಟ್ಟದ್ದುಂಟು. ದೇಹದ ರಕ್ಷಣೆಗೆ ಹೋರಾಡುವ ಟಿ-ಕೋಶಗಳ ಮೇಲಿನ ಪಿಡಿ-1 ಎಂಬ ಗ್ರಾಹಿ ಅವುಗಳ ಹೋರಾಟಕ್ಕೆ ಕಡಿವಾಣ ಹಾಕುತ್ತದೆ. ನಿವೊಲುಮಾಬ್ ಎಂಬ ಪ್ರತಿಕಾಯ ಆ ಗ್ರಾಹಿಯನ್ನು ಮುಚ್ಚುತ್ತದೆ. ರೂಢಿಯ ಪ್ರಮಾಣ 240 ಮಿಲಿಗ್ರಾಂ. ಆದರೆ ತೀರ ಕಡಿಮೆ ಪ್ರಮಾಣದಲ್ಲೇ ಗ್ರಾಹಿಗಳು ಬಹುಪಾಲು ತುಂಬಿಹೋಗುತ್ತವೆ ಎಂಬುದು ಮೊದಲೇ ಗೊತ್ತಿತ್ತು. ಟಾಟಾ ಸ್ಮಾರಕದ ವೈದ್ಯರು ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರಿನವರಿಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು. ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. 151 ಜನರ ಈ ಪ್ರಯೋಗದಲ್ಲಿ ವರ್ಷದ ಕೊನೆಗೆ ಬದುಕಿದ್ದವರು ಮಾತ್ರೆ ಮಾತ್ರ ಪಡೆದವರಲ್ಲಿ ನೂರಕ್ಕೆ 16.3, ನಿವೊಲುಮಾಬ್ ಸೇರಿಸಿದವರಲ್ಲಿ 43.4. ಪ್ರತಿಕಾಯಗಳ ಬಗ್ಗೆ ಬರುವ ಅಬ್ಬರದ ಸುದ್ದಿಗಳಿಗಿಂತ ನಮ್ಮ ಜಿಲ್ಲಾಸ್ಪತ್ರೆಗಳಿಗೆ ಹೆಚ್ಚು ಬೇಕಾದದ್ದು ಈ ಬಗೆಯ ಕೆಲಸ.

ಕರುಳಿನ ಜಿಸಿ-ಸಿ

ಕಿಣ್ವಗ್ರಾಹಿಗಳಲ್ಲಿ ಬೆಂಗಳೂರಿಗೆ ಹತ್ತಿರದ್ದು ಗ್ವಾನಿಲಿಲ್ ಸೈಕ್ಲೇಸ್-ಸಿ, ಚಿಕ್ಕದಾಗಿ ಜಿಸಿ-ಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಧ್ಯಾ ವಿಶ್ವೇಶ್ವರಯ್ಯ ದಶಕಗಳಿಂದ ಇದರ ಬೆನ್ನು ಹತ್ತಿದವರು. ಈ ಗ್ರಾಹಿ ಕರುಳಿನ ಒಳಗೋಡೆಯ ಕೋಶಗಳ ಮೇಲಿದೆ. ಕರುಳೇ ತಯಾರಿಸುವ ಗ್ವಾನಿಲಿನ್, ಯುರೋಗ್ವಾನಿಲಿನ್ ಎಂಬ ಪೆಪ್ಟೈಡುಗಳು ಅಂಟಿದಾಗ ಅದರ ಒಳತುದಿ ಸೈಕ್ಲಿಕ್ ಜಿಎಂಪಿ ತಯಾರಿಸುತ್ತದೆ, ಅದರಿಂದ ಸಿಎಫ್‌ಟಿಆರ್ ಎಂಬ ನಾಲೆ ತೆರೆದು ಕ್ಲೋರೈಡ್ ಕರುಳಿಗೆ ಇಳಿಯುತ್ತದೆ, ನೀರು ಹಿಂಬಾಲಿಸುತ್ತದೆ. ಮಲ ಹದವಾಗಿರಲು ಇಷ್ಟು ಬೇಕು. ಇ. ಕೋಲಿಯ ಕೆಲವು ತಳಿಗಳು ಈ ಪೆಪ್ಟೈಡುಗಳನ್ನೇ ಅಣಕಿಸುವ, ಇನ್ನೂ ಬಲವಾಗಿ ಅಂಟುವ ವಿಷವೊಂದನ್ನು ಸುರಿಸುತ್ತವೆ. ಫಲ ನೀರಿನಂಥ ಭೇದಿ. ಈ ವಿಷ ಕುದಿಸಿದರೂ ಕೆಡದು. ಆದರೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದ್ದರಿಂದ ನೀರು ಕುದಿಸುವುದು ದಂಡವಲ್ಲ.

ಕಾಲರಾ ಬೇರೆ ದಾರಿಯಿಂದ ಅದೇ ಸಿಎಫ್‌ಟಿಆರ್ ತಲುಪುತ್ತದೆ. ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ತೋರಿಸಿದ ಆ ವಿಷ ಒಳಹೊಕ್ಕು ಜಿಎಸ್ ಪ್ರೋಟೀನನ್ನು ಆರಿಸಲಾಗದಂತೆ ಮಾಡುತ್ತದೆ. ಎರಡರಲ್ಲೂ ಗ್ಲೂಕೋಸಿನ ಜೊತೆ ಸೋಡಿಯಂ ಒಳಸೆಳೆಯುವ ವಾಹಕಕ್ಕೆ ಧಕ್ಕೆ ತಗಲುವುದಿಲ್ಲ. ಓಆರ್‌ಎಸ್ ಹಿಡಿಯುವುದು ಅದರಿಂದಲೇ. ಉಪ್ಪು ಹಾಕಿದ ಗಂಜಿ ತೆಳಿ ಉಪಕಾರ ಮಾಡುವುದೂ ಅದರಿಂದಲೇ.

2012ರಲ್ಲಿ ನಾರ್ವೆಯ ಒಂದು ಕುಟುಂಬದ 32 ಮಂದಿಯಲ್ಲಿ ಎಳವೆಯಿಂದಲೇ ಬಿಡದ ಭೇದಿಯ ಮೂಲ ಪತ್ತೆಯಾಯಿತು: ಜಿಸಿ-ಸಿ ಜೀನಿನ ಒಂದೇ ಅಕ್ಷರದ ಬದಲಾವಣೆಯಿಂದ ಗ್ರಾಹಿ ಅತಿಯಾಗಿ ಕೆಲಸ ಮಾಡುತ್ತಿತ್ತು. ಬರ್ಗೆನ್ನಿನ ತಂಡದೊಡನೆ ಆ ಪ್ರಬಂಧದಲ್ಲಿ ಬೆಂಗಳೂರಿನ ಪ್ರಯೋಗಾಲಯವೂ ಸಹಭಾಗಿ. ಅದೇ ವರ್ಷ ಬೆಡುಯಿನ್ ಕುಟುಂಬಗಳಲ್ಲಿ ಇದರ ವಿರುದ್ಧದ ದೋಷ ವರದಿಯಾಯಿತು. ಗ್ರಾಹಿ ಕೆಲಸ ಮಾಡದ ಶಿಶುಗಳಿಗೆ ಹುಟ್ಟುತ್ತಲೇ ಮೊದಲ ಮಲ ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಇ. ಕೋಲಿಯ ವಿಷದ ಮಾದರಿಯಲ್ಲಿ ರೂಪಿಸಿದ ಲಿನಾಕ್ಲೊಟೈಡ್‌ಗೆ ಮಲಬದ್ಧತೆಯ ಮಾತ್ರೆಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ 2012ರಲ್ಲೇ. ಅದು ರಕ್ತಕ್ಕೆ ಬಹುತೇಕ ಸೇರುವುದಿಲ್ಲ, ಕರುಳಿನಲ್ಲೇ ಕೆಲಸ ಮುಗಿಸಿ ಅಲ್ಲೇ ಒಡೆದುಹೋಗುತ್ತದೆ. ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದಾಗಲೂ ಆ ಕೋಶಗಳು ಜಿಸಿ-ಸಿಯನ್ನು ಉಳಿಸಿಕೊಂಡಿರುತ್ತವೆ. ಕರುಳಿನ ಹೊರಗೆ ಈ ಗ್ರಾಹಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಅದನ್ನೇ ಗುರುತಾಗಿ ಹಿಡಿದು ಗೆಡ್ಡೆಯನ್ನು ಹುಡುಕಿ ಕೊಲ್ಲುವಂತೆ ತಿದ್ದಿದ ಟಿ-ಕೋಶಗಳು ಈಗ ರೋಗಿಗಳ ಮೇಲಿನ ಪ್ರಯೋಗದ ಹಂತದಲ್ಲಿವೆ.